ನಾಟಕದ ಸೊಸೆಗೆ ಮುಂದೇನಾಯಿತು?



ಮಲೆನಾಡು ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಜೋಗದ ಜಲಪಾತ, ಆಗುಂಬೆಯ ಸೂರ್ಯಾಸ್ತ, ಎಲೆಯ ಮೇಲೆ ಆವಿಯಾಡುವ ಕಡುಬು, ಅಲ್ಲವೇ? ನನಗೂ ಅಷ್ಟೇ. ನಮ್ಮದು ಬಯಲುಸೀಮೆ. ಹಸಿರು ಕಂಡರೆ ಬಾಯಿ ಬಿಟ್ಟುಕೊಂಡು ನೋಡುವ ಜನ ನಾವು. ಕಳೆದ ಎಳ್ಳಮಾವಾಸ್ಯೆ ಕಳೆದ ಮೇಲೆ ನಾನೂ ನಮ್ಮ ಯಜಮಾನರೂ ಐದು ದಿನ ಶಿವಮೊಗ್ಗ ಜಿಲ್ಲೆ ಸುತ್ತಿ ಬಂದೆವು. ನೋಡಿದ ಜಾಗಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ಹೇಳಬೇಕೆಂದಿರುವುದು ಒಂದು ಪುಟ್ಟ ಊರಿನ ಶಾಲೆಯ ಬಯಲಿನಲ್ಲಿ ಕಂಡ ಒಂದು ನಾಟಕದ ವಿಷಯ. ಆ ಊರಿನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಏಕೆಂಬುದು ಓದುತ್ತಾ ಹೋದಂತೆ ನಿಮಗೇ ತಿಳಿಯುತ್ತದೆ.

ಹೆಗ್ಗೋಡಿನಲ್ಲಿ ಒಂದು ದಿನ

ಮೊದಲು ಸಾಗರಕ್ಕೆ ಹೋಗಿ, ಅಲ್ಲಿಂದ ಹತ್ತಿರದಲ್ಲೇ ಇರುವ ಹೆಗ್ಗೋಡಿಗೆ ಹೋದೆವು. ಅಡಿಕೆ ತೋಟಗಳ ನಡುವೆ ಇರುವ ಹಳ್ಳಿ. ಅಲ್ಲಿ ‘ನೀನಾಸಂ’ ಇದೆ. ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂಬುದು ಅದರ ಪೂರ್ತಿ ಹೆಸರು. 1949ರಲ್ಲಿ ಊರಿನವರೇ ಸೇರಿ ಹುಟ್ಟುಹಾಕಿದ್ದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1980ರಿಂದ ಅಲ್ಲಿ ನಾಟಕ ಕಲಿಸುವ ಶಾಲೆ ನಡೆಯುತ್ತಿದೆ. 1985ರಲ್ಲಿ ಶುರುವಾದ ‘ತಿರುಗಾಟ’ ತಂಡ ರಾಜ್ಯದ ಊರೂರಿಗೆ ನಾಟಕ ಕೊಂಡೊಯ್ದಿದೆ. ನಮ್ಮ ಸೋದರಿಯರಿಗೆ ಇನ್ನೊಂದು ಆಕರ್ಷಣೆಯೂ ಇದೆ. ಪಕ್ಕದ ಭೀಮನಕೋಣೆಯಲ್ಲಿ ‘ಚರಕ’ ಎಂಬ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಬಟ್ಟೆ ಮಾಡಿ, ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕುತ್ತಾರೆ. ನಾನು ಒಂದು ಸೀರೆ ಕೊಂಡೆ. ಯಜಮಾನರು ಒಂದು ಜುಬ್ಬ ಕೊಂಡು, “ನಿನಗಿಂತ ನಾನೇ ಕಡಿಮೆ ಖರ್ಚು ಮಾಡಿದ್ದು” ಎಂದು ದಾರಿಯುದ್ದಕ್ಕೂ ಹೇಳಿದರು!

ಅಲ್ಲಿನವರೊಬ್ಬರು ಹೇಳಿದ ಮಾತು ನನಗೆ ಹಿಡಿಸಿತು. ಅಕ್ಟೋಬರಿನಲ್ಲಿ ನಡೆಯುವ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡಿದವರು ಬೆಳಗ್ಗೆ ಒಟ್ಟಾಗಿ ಕೂತು ಅದರ ಬಗ್ಗೆ ಮಾತಾಡುತ್ತಾರಂತೆ. ನಾವೋ, ಸಿನಿಮಾ ಮುಗಿದ ಕೂಡಲೇ ಆಟೋ ಹುಡುಕುವವರು! ನೋಡಿದ ಮೇಲೆ ಮಾತಾಡುವುದೂ ನಾಟಕದ ಭಾಗ ಎಂಬುದು ಮುಂದಿನ ಎರಡು ದಿನಗಳಲ್ಲಿ ನನಗೆ ಚೆನ್ನಾಗಿ ಅರ್ಥವಾಯಿತು.

ತಂಗಿಯ ಮನೆಯಲ್ಲಿ

ಹೊಸನಗರದ ಮೇಲೆ ತೀರ್ಥಹಳ್ಳಿ ಕಡೆಗೆ ಬಂದೆವು. ಆ ತಾಲ್ಲೂಕಿನ ಒಂದು ಹಳ್ಳಿಗೆ ನಮ್ಮ ಚಿಕ್ಕಮ್ಮನ ಮಗಳನ್ನು ಕೊಟ್ಟಿದೆ. ಅವಳು ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರ ಲೆಕ್ಕ, ಮಕ್ಕಳ ಚುಚ್ಚುಮದ್ದು, ಮನೆಮನೆಯ ಭೇಟಿ... ಅವಳ ಕಾಲು ಒಂದು ಕಡೆ ನಿಂತದ್ದೇ ನಾನು ಕಾಣೆ. ಆದರೂ ಬೆಳಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಎಂದು ಬಡಿಸಿ ಬಡಿಸಿ ನಮ್ಮನ್ನು ಏಳದಂತೆ ಮಾಡಿಬಿಟ್ಟಳು.

ಆಗ ಅಡಿಕೆ ಕೊಯ್ಲಿನ ಕಾಲ. ಹಗಲೆಲ್ಲ ಕೊನೆ ಇಳಿಸುವುದು, ಸಂಜೆಯಿಂದ ರಾತ್ರಿಯವರೆಗೆ ಸುಲಿಯುವುದು. ಅಂಗಳದಲ್ಲಿ ಚಪ್ಪರ ಹಾಕಿ, ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತು ಚಕಚಕನೆ ಸುಲಿಯುತ್ತಾರೆ. ಕೈ ಅದರಷ್ಟಕ್ಕೆ ಅದು, ಬಾಯಿ ಅದರಷ್ಟಕ್ಕೆ ಅದು! ಊರಿನ ಸುದ್ದಿಯೆಲ್ಲ ಆ ಚಪ್ಪರದಲ್ಲಿ ಸಿಗುತ್ತದೆ.

“ಅಕ್ಕಾ, ಇವತ್ತು ಸುಲಿತಕ್ಕೆ ರಜ. ಶಾಲೆ ಬಯಲಲ್ಲಿ ನಾಟಕ ಇದೆ, ಹೋಗುವ” ಎಂದಳು ತಂಗಿ. ಯಾವ ನಾಟಕ ಎಂದರೆ, “ಬಾಣಂತಿ ಸನ್ನಿಯದ್ದು ಮಾರಾಯ್ತಿ” ಎಂದಳು. ಸನ್ನಿಯ ಮೇಲೆ ನಾಟಕವೇ! ನಮ್ಮ ಕಡೆ ಆ ಮಾತನ್ನು ಬಾಣಂತಿಯ ಕೋಣೆಯಲ್ಲಿ ಗಟ್ಟಿಯಾಗಿ ಆಡುವುದೂ ಇಲ್ಲ.

ಶಾಲೆಯ ಬಯಲಿನಲ್ಲಿ

ರಂಗಸ್ಥಳ ಎಂದರೆ ಎರಡು ಅಡಿಕೆ ದಬ್ಬೆಗಳ ನಡುವೆ ಕಟ್ಟಿದ ಒಂದು ಹಳೇ ಸೀರೆ, ಎರಡು ದೀಪ, ಒಂದು ಹಾರ್ಮೋನಿಯಂ, ಒಂದು ಚಂಡೆ. ಅಷ್ಟೇ. ಪಕ್ಕದ ಊರುಗಳ ಹುಡುಗರು, ಒಬ್ಬ ಮೇಷ್ಟ್ರು, ಮೂವರು ಹೆಂಗಸರು ಸೇರಿದ ತಂಡ. ಅತ್ತೆಯ ಪಾತ್ರಕ್ಕೆ ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕುತ್ತಿದ್ದ ಹಿರಿಯರೊಬ್ಬರು. ಚಳಿಗೆ ಶಾಲು ಹೊದ್ದು ಊರಿಗೆ ಊರೇ ಚಾಪೆಯ ಮೇಲೆ ಕೂತಿತ್ತು.

ಕಥೆ ಸರಳ. ಚೊಚ್ಚಲ ಹೆರಿಗೆಯಾದ ಸೊಸೆ. ಮನೆಯಲ್ಲಿ ಸಂಭ್ರಮ. ಹಂಡೆ ನೀರು, ಸಾಂಬ್ರಾಣಿ ಹೊಗೆ, ಅತ್ತೆಯ ಗಡಿಬಿಡಿ ಕಂಡು ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಒಂಬತ್ತನೇ ದಿನ ಸೊಸೆಗೆ ನಿದ್ದೆ ಬರುವುದಿಲ್ಲ. ಮಗು ಮಲಗಿದರೂ ಅವಳು ಮಲಗುವುದಿಲ್ಲ. “ಕಿಟಕಿ ಹಾಕಿ, ಯಾರೋ ಮಗೂನ ನೋಡ್ತಿದಾರೆ” ಎನ್ನುತ್ತಾಳೆ. ಆಮೇಲೆ, “ಇದು ನನ್ನ ಮಗು ಅಲ್ಲ, ಬದಲಾಯಿಸಿದಾರೆ” ಎನ್ನುತ್ತಾಳೆ. ನಗು ನಿಂತುಹೋಯಿತು. ಅತ್ತೆ ಹೇಳುತ್ತಾಳೆ, ಹೊಳೆ ದಾಟಿ ಬರುವಾಗ ಏನೋ ಹಿಡಿದಿರಬೇಕು. ಪಕ್ಕದ ಮನೆಯಾಕೆ ಹೇಳುತ್ತಾಳೆ, ತವರಿನವರು ಮೊದಲೇ ಇದ್ದದ್ದನ್ನು ಮುಚ್ಚಿಟ್ಟು ಮದುವೆ ಮಾಡಿರಬೇಕು. ಗಂಡ ಮಾತಾಡುವುದಿಲ್ಲ, ಮೂಲೆಯಲ್ಲಿ ನಿಂತು ಕವಳದ ಸಂಚಿ ಹುಡುಕುತ್ತಾನೆ. ಮಂತ್ರವಾದಿ ಬರುತ್ತಾನೆ, ಬೇವಿನ ಬರಲು ಎತ್ತುತ್ತಾನೆ...

ಅಷ್ಟರಲ್ಲಿ ಗಂಟೆ ಬಾರಿಸಿತು! ಎಲ್ಲರೂ ಇದ್ದ ಹಾಗೇ ಕಲ್ಲಾಗಿ ನಿಂತರು. ಮೇಷ್ಟ್ರು ಮುಂದೆ ಬಂದು, “ನಾವು ಇಲ್ಲಿಗೆ ನಿಲ್ಲಿಸ್ತೀವಿ. ಮುಂದೆ ಏನಾಗಬೇಕು, ನೀವು ಹೇಳಿ” ಎಂದರು.

ಈ ರೀತಿಯ ನಾಟಕವನ್ನು ಬೆಳೆಸಿದವರು ಬ್ರೆಜಿಲ್ ದೇಶದ ಆಗಸ್ಟೋ ಬೋಲ್ ಎಂಬುವರಂತೆ. ನೋಡಲು ಬಂದವರೇ ಎದ್ದು ಹೋಗಿ ಪಾತ್ರ ಮಾಡಿ ಕಥೆಯನ್ನು ಬೇರೆ ದಾರಿಗೆ ತಿರುಗಿಸಬಹುದು. ಇದನ್ನು ಮೇಷ್ಟ್ರೇ ಆಮೇಲೆ ನನಗೆ ವಿವರಿಸಿದರು.

ಮೊದಲು ಹುಡುಗರು ತಮಾಷೆ ಮಾಡಿದರು. ಯಾರೋ ಒಬ್ಬರು, “ದೇವರಿಗೆ ಹೇಳ್ಕೊಳ್ಲಿ” ಎಂದರು. “ಹೇಳ್ಕೊಳ್ಲಿ, ಬೇಡ ಅನ್ನೋದಿಲ್ಲ. ಮರದಿಂದ ಬಿದ್ದು ಕಾಲು ಮುರಿದ್ರೂ ದೇವರಿಗೆ ಹೇಳ್ಕೊಳ್ತೀವಿ, ಹಾಗಂತ ಆಸ್ಪತ್ರೆಗೆ ಹೋಗೋದು ಬಿಡ್ತೀವಾ?” ಎಂದರು ಮೇಷ್ಟ್ರು. ಅಷ್ಟು ಹೊತ್ತಿಗೆ ಹಿಂದಿನಿಂದ ಒಬ್ಬ ಗಂಡಸು ಧಡಕ್ಕನೆ ಎದ್ದು, “ಇದು ಯಾರ ಮನೆ ಕಥೆ ಅಂತ ನಮಗೆ ಗೊತ್ತಿಲ್ವಾ? ಮಾನ ತೆಗೆಯೋಕೆ ಬಂದಿದೀರಾ?” ಎಂದು ಕೂಗಿದ. ನನ್ನ ಎದೆ ಧಸಕ್ಕೆಂದಿತು. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದಳು.

ಮೇಷ್ಟ್ರು ದನಿ ಏರಿಸಲಿಲ್ಲ. “ಅಣ್ಣಾ, ಈ ಊರಿಗೆ ನಾವು ಬಂದದ್ದು ಇವತ್ತೇ. ಈ ನಾಟಕ ಹತ್ತಾರು ಊರಲ್ಲಿ ಆಡಿದೀವಿ. ಎಲ್ಲಾ ಊರಲ್ಲೂ ಒಬ್ಬರು ಎದ್ದು ಇದು ನಮ್ಮೂರಿನ ಕಥೆ ಅಂತಾರೆ. ಅಂದ್ಮೇಲೆ ಎಷ್ಟು ಊರಲ್ಲಿ ಈ ಕಥೆ ಇದೆ ನೋಡಿ” ಎಂದರು. ಆ ಮನುಷ್ಯ ನಿಂತೇ ಇದ್ದ. ಆದರೆ ಮತ್ತೆ ಕೂಗಲಿಲ್ಲ.

ಆಗ ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಮೆಲ್ಲನೆ ಎದ್ದರು. ಮೊಣಕಾಲು ಹಿಡಿದುಕೊಂಡು ರಂಗಸ್ಥಳಕ್ಕೆ ಹೋಗಿ, “ನೀನು ಆಚೆ ಹೋಗು” ಎಂದು ಅತ್ತೆಯ ವೇಷದವರನ್ನು ಎಬ್ಬಿಸಿದರು. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಸೊಸೆಯ ಪಕ್ಕ ಕೂತು, ತಲೆ ಸವರಿ, “ನಿದ್ದೆ ಬಂದು ಎಷ್ಟು ದಿನ ಆತು ಮಗಾ?” ಎಂದು ಕೇಳಿದರು.

ಅಷ್ಟೇ ಮಾತು. ಬಯಲಿಗೆ ಬಯಲೇ ಸ್ತಬ್ಧವಾಯಿತು. ಅಷ್ಟು ಹೊತ್ತಿನ ತನಕ ಭೂತ ಎಂದವರುಂಟು, ತವರಿನ ತಪ್ಪು ಎಂದವರುಂಟು, ಅವಳನ್ನೇ ಒಂದು ಮಾತು ಕೇಳಿದವರು ಯಾರೂ ಇರಲಿಲ್ಲ.

ಅಲ್ಲಿಂದ ಮುಂದೆ ನಾಟಕ ಓಡಿತು. ಆಶಾ ಕಾರ್ಯಕರ್ತೆ ಬಂದಳು, ಆಸ್ಪತ್ರೆಗೆ ಕರೆದೊಯ್ದರು, ಔಷಧಿ ಕೊಟ್ಟರು, ಸೊಸೆಗೆ ನಿದ್ದೆ ಬಂತು. ನಾಟಕ ಮುಗಿದ ಮೇಲೆ ಆಶಾ ಕಾರ್ಯಕರ್ತೆಯ ಪಾತ್ರ ಮಾಡಿದ ಹೆಂಗಸು ಮುಂದೆ ಬಂದು ಕೈ ಮುಗಿದಳು. “ನನಗೂ ಇದೇ ಆಗಿತ್ತು. ಮಾತ್ರೆ ತಗೊಂಡೆ, ಗುಣ ಆಯ್ತು. ಅವತ್ತಿನ ಕೂಸು ಈಗ ಎಂಟನೇ ಕ್ಲಾಸು” ಎಂದಳು. ಇಡೀ ನಾಟಕದಲ್ಲಿ ಬುದ್ಧಿಯ ಮಾತು ಆಡಿದವಳು ಅವಳೇ. ಅವಳೇ ಆ ಕಾಯಿಲೆ ದಾಟಿ ಬಂದವಳು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಡಿಕೆ ಚಪ್ಪರದಲ್ಲಿ

ಮರುದಿನ ರಾತ್ರಿ ಮತ್ತೆ ಸುಲಿತ. ನಾನೂ ಹೋಗಿ ಕೂತೆ. (ಒಂದು ಅಡಿಕೆ ಸುಲಿದು ಬೆರಳು ಕೊಯ್ದುಕೊಂಡು ಸುಮ್ಮನಾದೆ!) ಮಾತೆಲ್ಲ ನಾಟಕದ್ದೇ. ಒಂದು ವಿಶೇಷ ಗಮನಿಸಿದೆ. ಯಾರೂ ಯಾರ ಮನೆಯ ಹೆಸರನ್ನೂ ಎತ್ತಲಿಲ್ಲ. ಎಲ್ಲರೂ “ನಾಟಕದ ಸೊಸೆ” ಎಂದೇ ಹೇಳುತ್ತಿದ್ದರು. ನಾಟಕದ ಸೊಸೆಗೆ ಇನ್ನೊಂದು ಮಗು ಆದರೆ ಮತ್ತೆ ಹಂಗೇ ಆಗ್ತದನ? ನಾಟಕದ ಸೊಸೆ ಎಷ್ಟು ದಿನ ಮಾತ್ರೆ ತಿನ್ನಬೇಕು? ಅವಳ ಮಗಳಿಗೂ ಬರ್ತದನ? ತಂಗಿ ಸುಲಿಯುತ್ತಲೇ ತನಗೆ ತಿಳಿದಷ್ಟು ಹೇಳುತ್ತಿದ್ದಳು.

ಎಲ್ಲರೂ ಏಳುವ ಹೊತ್ತಿಗೆ, ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ಒಬ್ಬ ಹಿರಿಯ ಹೆಂಗಸು ಕತ್ತಿಯಿಂದ ಕಣ್ಣೆತ್ತದೆ ಕೇಳಿದರು. “ನಾಟಕದ ಸೊಸೇನ ಗಂಡ ಮನೆಗೆ ವಾಪಸ್ ಕರ್ಕೊಂಡು ಬಂದನಾ? ಅದು ತೋರಿಸಲೇ ಇಲ್ವಲ್ಲ.”

ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ನೋಡಿದವರೇ ಹೇಳಲಿ ಅಂತ ಬಿಟ್ಟಿದಾರೆ ಅತ್ತೆ” ಎಂದಳು.

ಮನೆಗೆ ಬರುವ ದಾರಿಯಲ್ಲಿ ವಿಷಯ ತಿಳಿಯಿತು. ಆಕೆಯ ಸೊಸೆ ಹೆರಿಗೆಯ ನಂತರ ಹೀಗಾಗಿ ತವರಿಗೆ ಹೋದವಳು ಎರಡು ವರ್ಷದಿಂದ ಅಲ್ಲೇ ಇದ್ದಾಳೆ. ಮಗು ಮಾತ್ರ ಇಲ್ಲಿ, ಅಜ್ಜಿಯ ಮಡಿಲಲ್ಲಿ. ಹಿಂದಿನ ರಾತ್ರಿ ಎದ್ದು ಕೂಗಿದ ಮನುಷ್ಯ ಆ ಮಗುವಿನ ದೊಡ್ಡಪ್ಪ. ತಂಗಿ ನಾಲ್ಕಾರು ಸಲ ಆ ಮನೆಗೆ ಹೋಗಿ ಬಂದಿದ್ದಳಂತೆ. “ಕಾಫಿ ಕೊಡ್ತಾರೆ ಅಕ್ಕಾ, ಆ ಮಾತು ಎತ್ತಿದ್ರೆ ಎದ್ದು ಒಳಗೆ ಹೋಗ್ತಾರೆ” ಎಂದಳು. ಎರಡು ವರ್ಷದಲ್ಲಿ ಆ ಬಾಯಿಂದ ಹೊರಟ ಮೊದಲ ಪ್ರಶ್ನೆ ಇದು!

ನೋಡಿ ಸೋದರಿಯರೇ, ನಾಟಕ ಮಾಡುವ ದೊಡ್ಡ ಉಪಕಾರ ಇದೇ ಎಂದು ನನಗನ್ನಿಸಿತು. ನಮ್ಮ ಮನೆಯ ಸೊಸೆಯ ವಿಷಯ ಮಾತಾಡಲು ನಾಲಿಗೆ ಏಳುವುದಿಲ್ಲ. ಮರ್ಯಾದೆ ಅಡ್ಡ ಬರುತ್ತದೆ, ಮುಂದೆ ಇನ್ನೊಬ್ಬ ಮಗಳ ಮದುವೆಯ ಚಿಂತೆ ಅಡ್ಡ ಬರುತ್ತದೆ. ನಾಟಕದ ಸೊಸೆಗೆ ಊರಿಲ್ಲ, ಮನೆತನವಿಲ್ಲ. ಅವಳ ಹೆಸರಿನಲ್ಲಿ ಯಾರು ಏನನ್ನು ಬೇಕಾದರೂ ಕೇಳಬಹುದು.

ನಾನು ಕೇಳಿ ತಿಳಿದದ್ದು

ಆದರೆ ನಾಟಕವೊಂದೇ ಸಾಲದು. ಕೇಳಿದ ಪ್ರಶ್ನೆಗೆ ಉತ್ತರ ಹೇಳುವವರು ಮರುದಿನವೂ ಊರಲ್ಲಿರಬೇಕು, ಔಷಧಿ ಕೈಗೆ ಸಿಗುವಂತಿರಬೇಕು. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಹಳ್ಳಿಗಳಲ್ಲಿ ಇಂಥ ಪ್ರಚಾರ ಮಾಡಿ ನೋಡಿದವರಿಗೆ, ನಾಟಕ ಮತ್ತು ಕಾಯಿಲೆ ಅನುಭವಿಸಿದವರ ನೇರ ಮಾತು, ಇವೆರಡೂ ಜನರಿಗೆ ಹೆಚ್ಚು ನಾಟಿದ್ದು ಕಂಡುಬಂತು. ತೀರ್ಥಹಳ್ಳಿಯ ಪುಣ್ಯವೇನೆಂದರೆ, ಬೆಂಗಳೂರಿನ ನಿಮ್ಹಾನ್ಸ್‌ನವರು 2005ರಿಂದಲೇ ಈ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ದೊಡ್ಡ ಮನೋರೋಗ ಇರುವವರನ್ನು ಹುಡುಕಿ, ಊರಿನ ಹತ್ತಿರವೇ ಚಿಕಿತ್ಸೆ ಕೊಡಿಸುವ ಕೆಲಸಕ್ಕೆ ಕೈಹಾಕಿದ್ದರು. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈಯವರು (2016ರಲ್ಲಿ ತೀರಿಕೊಂಡರು) ಮನಸ್ಸಿನ ಕಾಯಿಲೆಯ ವಿಷಯವನ್ನು ಸಿನಿಮಾಕ್ಕೇ ತಂದವರು. 1988ರ ‘ಕಾಡಿನ ಬೆಂಕಿ’ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಎಲ್ಲ ಕಡೆ ಇಂಥ ಅನುಕೂಲ ಇಲ್ಲ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಮನಸ್ಸಿನ ಕಾಯಿಲೆ ಇದ್ದ ನೂರು ಜನರಲ್ಲಿ, ಕಾಯಿಲೆಗೆ ತಕ್ಕಂತೆ, 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಏರವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಆಶ್ರಯದಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಯಾವ ರೋಗಿಯನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ.

ಇನ್ನು ಬಾಣಂತಿ ಸನ್ನಿಯ ಬಗ್ಗೆ, ಮನೆಯಲ್ಲಿ ಬಸುರಿ ಇರುವವರು ಇಷ್ಟು ನೆನಪಿಡಿ.

ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಬಹಳ ಹೆಂಗಸರಿಗೆ ಇರುತ್ತದೆ. ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಸನ್ನಿ ಬೇರೆ. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು, ಹೆಚ್ಚಾಗಿ ಮೊದಲ ಎರಡು ವಾರದೊಳಗೆ.

ಮಗು ಮಲಗಿದ್ದರೂ ತಾಯಿಗೆ ನಿದ್ದೆಯೇ ಇಲ್ಲ, ಇಲ್ಲದ ಭಯ, ಸಂಶಯ, ಸಂಬಂಧವಿಲ್ಲದ ಮಾತು, ಯಾರೋ ಮಾತಾಡಿದಂತೆ ಕೇಳಿಸುವುದು... ಇವು ಕಂಡರೆ ನಾಳೆ ನೋಡೋಣ ಎನ್ನಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ತಾಯಿ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ತಾಯಂದಿರು ಚೆನ್ನಾಗಿ ಗುಣವಾಗುತ್ತಾರೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಎದೆಹಾಲು ಕೊಡುವ ವಿಷಯವನ್ನು ವೈದ್ಯರನ್ನೇ ಕೇಳಬೇಕು. ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಂಭವ ಇರುವುದರಿಂದ ಬಸಿರಾಗುವ ಮೊದಲೇ ವೈದ್ಯರಿಗೆ ತಿಳಿಸಬೇಕು.

ನಿಮ್ಹಾನ್ಸ್‌ನಲ್ಲಿ ಇಂಥ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇರಿಸಿಕೊಳ್ಳುವ ವಾರ್ಡು 2009ರಿಂದ ಇದೆ. ಅಷ್ಟು ದೂರ ಹೋಗಲಾಗದವರಿಗೆ, ನಮ್ಮ ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ನಿಮ್ಮ ಊರಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ನಂಬರು 14416. ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಗ್ಯಾಸಿನ ನಂಬರಿನ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.

ಆಮೇಲೆ?

ನಾವು ಊರಿಗೆ ಬಂದು ತಿಂಗಳಾದ ಮೇಲೆ ತಂಗಿ ಫೋನು ಮಾಡಿದ್ದಳು. ಆ ಹಿರಿಯಾಕೆ ಒಂದು ಮಂಗಳವಾರ ಬೀಗರ ಜೊತೆ ಸೊಸೆಯನ್ನು ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದರಂತೆ. ಸೊಸೆ ಹುಷಾರಾಗಿಯೇ ಇದ್ದಾಳೆ, ಮಾತ್ರೆ ಮುಂದುವರಿದಿದೆ. ಭಾನುವಾರ ಮಗುವನ್ನು ತಾಯಿಯ ಹತ್ತಿರ ಕರೆದೊಯ್ಯುತ್ತಾರೆ. ಮೊದಲ ಸಲ ಅದು ಅಜ್ಜಿಯ ಸೆರಗು ಬಿಡಲಿಲ್ಲ, ಎರಡನೇ ಸಲ ತಾಯಿ ಕೊಟ್ಟ ಬಾಳೆಹಣ್ಣು ತಿಂತು. ಮಗ ಮಾತ್ರ ಇನ್ನೂ ಮನಸ್ಸು ಮಾಡಿಲ್ಲ. ದೊಡ್ಡಪ್ಪ ತಂಗಿಯ ಜೊತೆ ಮಾತು ಬಿಟ್ಟಿದ್ದಾನೆ. ನಾಟಕದಂತೆ ಒಂದೇ ರಾತ್ರಿಯಲ್ಲಿ ಎಲ್ಲ ಸರಿಹೋಗುವುದಿಲ್ಲ ನೋಡಿ.

ನೀವು ಹೋಗುವುದಾದರೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ದಾರಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರ ನೋಡಬಹುದು. ತೀರ್ಥಹಳ್ಳಿಯಲ್ಲಿ ತುಂಗೆಯ ರಾಮತೀರ್ಥ, ರಾಮೇಶ್ವರ ದೇವಸ್ಥಾನ, ಅಲ್ಲಿಂದ ಮುಂದೆ ಕುಪ್ಪಳಿಯ ಕವಿಮನೆ, ಇನ್ನೂ ಮುಂದೆ ಹೋದರೆ ಆಗುಂಬೆ. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ನಮಗೆ ಟಿಕೆಟ್ಟಿಲ್ಲ, ಆದರೆ ಈ ಕಡೆ ಖಾಸಗಿ ಬಸ್ಸು ಬಹಳ, ಚಿಲ್ಲರೆ ಇಟ್ಟುಕೊಂಡಿರಿ. ಜನವರಿಯಲ್ಲಿ ಹೋದರೆ ಆಲೆಮನೆಯ ಬಿಸಿ ಬೆಲ್ಲ, ಸಾಗರದ ಕಡೆಯ ತೊಡೆದೇವು ತಪ್ಪಿಸಬೇಡಿ. ಶಾಲು, ಸ್ವೆಟರು ಜೊತೆಗಿರಲಿ.

ನಿಮ್ಮ ಮಹಿಳಾ ಸಮಾಜದವರೂ ಮುಂದಿನ ವಾರ್ಷಿಕೋತ್ಸವಕ್ಕೆ ಇಂಥ ಒಂದು ನಾಟಕ ಆಡಬಾರದೇಕೆ? ಹಳೇ ಸೀರೆ ಒಂದು, ಹಾರ್ಮೋನಿಯಂ ಒಂದು ಸಾಕು. ಎರಡು ಮಾತು ಮಾತ್ರ ಮರೆಯಬೇಡಿ. ಊರಿನ ಯಾವ ಒಂದು ಮನೆಯ ಕಥೆಯನ್ನೂ ಇದ್ದ ಹಾಗೆ ಆಡಬೇಡಿ. ನಾಟಕ ನೋಡುವವರ ನಡುವೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೂರಿಸಿಕೊಳ್ಳಿ. ನಾಟಕ ಮುಗಿದ ಮೇಲೆ ಯಾರಾದರೂ ಹಿಂದೆ ಉಳಿದು ಅವಳ ಹತ್ತಿರ ಮೆಲ್ಲಗೆ ಏನೋ ಕೇಳುತ್ತಿದ್ದರೆ, ನೀವು ಕುರ್ಚಿ ಮಡಚುವುದನ್ನು ಸ್ವಲ್ಪ ತಡ ಮಾಡಿ.